ಫೋಟೊಗೂ ಗೇಮಿಗೂ ಒಂದೇ ಪಿಸಿ

ಪ್ರಶ್ನೆ: ಲೈಟ್‌ರೂಮ್‌ನಲ್ಲಿ ಮದುವೆ ಫೋಟೊ ತಿದ್ದಬೇಕು, ಬಿಡುವಾದಾಗ ವ್ಯಾಲೊರಂಟ್ ಆಡಬೇಕು. ಕೈಲಿ ದುಡ್ಡು ಕಡಿಮೆ. ಗ್ರಾಫಿಕ್ಸ್ ಕಾರ್ಡ್ ಬೇಕೇಬೇಕಾ?

ಉತ್ತರ: ಸದ್ಯಕ್ಕೆ ಬೇಡ. ರೈಜನ್ 5 5600ಜಿ ಪ್ರೊಸೆಸರ್ ತಗೊಳ್ಳಿ. 6 ಕೋರ್ ಇದೆ, ಗ್ರಾಫಿಕ್ಸೂ ಅದರೊಳಗೇ ಇದೆ, ವ್ಯಾಲೊರಂಟ್‌ಗೆ ಅಷ್ಟು ಸಾಕು. ಆದರೆ ಆ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ್‍ಯಾಮ್‌ನಲ್ಲೇ ಪಾಲು ಕೇಳುತ್ತದೆ, ಹಾಗಾಗಿ 16 ಜಿಬಿಯ ಒಂದೇ ಸ್ಟಿಕ್ ಬದಲು 8 ಜಿಬಿಯ ಎರಡು ಹಾಕಿಸಿ. ಎರಡೂ ಒಟ್ಟಿಗೆ ಕೆಲಸ ಮಾಡಿ ರ್‍ಯಾಮ್ ವೇಗ ಹೆಚ್ಚುತ್ತದೆ, ಗೇಮ್ ಓಡುವಾಗ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆರ್‌ಜಿಬಿ ಲೈಟಿನ ಕ್ಯಾಬಿನೆಟ್ ಸುಮ್ನೆ ದಂಡ. ಉಳಿದ ದುಡ್ಡು ಬಣ್ಣ ಸರಿಯಾಗಿ ತೋರಿಸುವ ಒಳ್ಳೆಯ ಐಪಿಎಸ್ ಮಾನಿಟರ್‌ಗೆ ಹಾಕಿ. ಪರದೆಯಲ್ಲೇ ಬಣ್ಣ ತಪ್ಪಿದರೆ ಮದುಮಗಳ ಸೀರೆ ಪ್ರಿಂಟ್‌ನಲ್ಲಿ ಬೇರೆಯೇ ಆಗುತ್ತದೆ, ಅಲ್ವಾ? ಪವರ್ ಸಪ್ಲೈ ಮಾತ್ರ ಅಗ್ಗದ್ದು ಬೇಡ. ಲೈಟ್‌ರೂಮ್‌ನ ಎಐ ಡಿನಾಯ್ಸ್ (ಫೋಟೊದಲ್ಲಿನ ಕಾಳುಕಾಳು ತೆಗೆಯುವ ಸೌಲಭ್ಯ) ಜಾಸ್ತಿ ಬಳಸುವುದಾದರೆ ಮುಂದೆ ಕಾರ್ಡ್ ಹಾಕಿಸಿಕೊಳ್ಳಿ, ಅದಿಲ್ಲದೆ ಒಂದೊಂದು ಫೋಟೊಗೂ ನಿಮಿಷಗಟ್ಟಲೆ ಕಾಯಬೇಕು.