ಪುಸ್ತಕ ಮೂಗಿಗೆ ತಾಗಿದರೆ ತಾಗಲಿ

ಪ್ರಶ್ನೆ: ನನ್ನ ಮಗಳಿಗೆ ಹುಟ್ಟಿನಿಂದ ಆಲ್ಬಿನಿಸಂ, ಅಂದರೆ ಚರ್ಮ, ಕೂದಲು, ಕಣ್ಣಿನಲ್ಲಿ ಬಣ್ಣದ ಅಂಶ ತೀರಾ ಕಡಿಮೆ. ಈಗ ಏಳನೇ ತರಗತಿ. ಕನ್ನಡಕ ಹಾಕಿದ ಮೇಲೂ ದೃಷ್ಟಿ 6/60 (ಉಳಿದವರಿಗೆ 60 ಮೀಟರಿನಿಂದ ಕಾಣುವುದು ಇವಳಿಗೆ 6 ಮೀಟರಿನಿಂದ) ಎಂದು ಡಾಕ್ಟರು ಬರೆದಿದ್ದಾರೆ. ಬೋರ್ಡು ಕಾಣುವುದಿಲ್ಲ, ಪುಸ್ತಕವನ್ನು ಮೂಗಿಗೆ ಹಚ್ಚಿಕೊಂಡು ಓದುತ್ತಾಳೆ. ಇರುವ ದೃಷ್ಟಿಯೂ ಹೋದೀತೆಂದು ಹೆದರಿಕೆ. ಟ್ಯಾಬ್ ಕೊಡಿಸಲೇ?
— ಒಬ್ಬ ತಾಯಿ, ರಾಣೆಬೆನ್ನೂರು

ಉತ್ತರ: ತಾಯಿ, ಮೊದಲು ಆ ಹೆದರಿಕೆ ಬಿಡಿ. ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುವುದಿಲ್ಲ. ನನಗೂ ಆಲ್ಬಿನಿಸಂ ಇದೆ, ಕಣ್ಣುಗುಡ್ಡೆ ಸದಾ ಅಲುಗುತ್ತಿರುತ್ತದೆ. ನಲವತ್ತು ವರ್ಷದಿಂದ ಹೀಗೆಯೇ ಓದುತ್ತಿದ್ದೇನೆ. ದೂರ ಅರ್ಧವಾದರೆ ಅಕ್ಷರ ಎರಡರಷ್ಟು ದೊಡ್ಡದಾಗಿ ಕಾಣುತ್ತದೆ. ಯಾರೂ ಹೇಳಿಕೊಡದೆ ಅವಳು ಕಂಡುಕೊಂಡ ದಾರಿ ಅದು, ತಡೆಯಬೇಡಿ.

ಟ್ಯಾಬಿಗೆ ದುಡ್ಡು ಹಾಕುವ ಮುನ್ನ ಅವಳು ಯಾವ ಬೆಂಚಿನಲ್ಲಿ ಕೂರುತ್ತಾಳೆಂದು ನೋಡಿ ಬನ್ನಿ. 6 ಮೀಟರ್ ದೂರದಿಂದ ಒಂದೂವರೆ ಮೀಟರಿಗೆ ಬಂದರೆ ಬೋರ್ಡಿನ ಬರಹ ನಾಲ್ಕು ಪಟ್ಟು ದೊಡ್ಡದಾಗಿ ಕಾಣುತ್ತದೆ. ಕಿಟಕಿ ಬೆನ್ನ ಹಿಂದಿರಲಿ, ನಮ್ಮ ಕಣ್ಣಿಗೆ ಬೆಳಕೇ ಚುಚ್ಚುತ್ತದೆ. ತಲೆ ಓರೆ ಮಾಡಿ ನೋಡುತ್ತಾಳೆಯೇ? ಹಾಗೆಯೇ ಬಿಡಿ. ಒಂದು ಕೋನದಲ್ಲಿ ನಮ್ಮ ಕಣ್ಣು ಕಡಿಮೆ ಅಲುಗುತ್ತದೆ. ನನ್ನ ಮೇಷ್ಟ್ರೊಬ್ಬರು ವರ್ಷವಿಡೀ ಗಲ್ಲ ಹಿಡಿದು ನನ್ನ ತಲೆ ನೆಟ್ಟಗೆ ಮಾಡುತ್ತಿದ್ದರು; ಮಾಡಿದೊಡನೆ ಬೋರ್ಡಿನ ಮೇಲಿನ ಲೆಕ್ಕ ಕಲಸಿ ಹೋಗುತ್ತಿತ್ತು. ಆ ಸಂಕಟ ಇನ್ನೂ ಮರೆತಿಲ್ಲ.

ಆಮೇಲೆ ಲೋ ವಿಷನ್ ಕ್ಲಿನಿಕ್ಕಿಗೆ, ಅಂದರೆ ಮಂದದೃಷ್ಟಿಯವರಿಗೆ ತಕ್ಕ ಸಾಧನ ಆರಿಸಿಕೊಡುವ ಕಣ್ಣಿನ ವಿಭಾಗಕ್ಕೆ, ಕರೆದೊಯ್ಯಿರಿ. ನಾಲ್ಕು ಪಟ್ಟು ಹಿಗ್ಗಿಸುವ ಬೆರಳುದ್ದದ ದುರ್ಬೀನು, ಪುಟದ ಮೇಲೆ ಇಟ್ಟು ಸರಿಸುವ ಗುಮ್ಮಟದಂಥ ಗಾಜು, ಇವನ್ನು ಅವಳೇ ಹಿಡಿದು ನೋಡಲಿ. ನೋಡದೆ ಕೊಳ್ಳಬೇಡಿ. ದುರ್ಬೀನಿನಲ್ಲಿ ಒಮ್ಮೆಗೆ ಕಾಣುವುದು ಎರಡು ಮೂರು ಪದ. ಬೋರ್ಡು ನೋಡಿ ನೋಟ್ಸಿಗೆ ಇಳಿಸುವಷ್ಟರಲ್ಲಿ ಸಾಲು ತಪ್ಪುತ್ತದೆ. ಟ್ಯಾಬ್ ನಿಜವಾಗಿ ಬೇಕಾಗುವುದು ಅಲ್ಲಿಯೇ: ಬೋರ್ಡಿನ ಫೋಟೋ ತೆಗೆದು, ಹಿಗ್ಗಿಸಿ, ಕಪ್ಪು ಹಿನ್ನೆಲೆಗೆ ಬಿಳಿ ಅಕ್ಷರ ಮಾಡಿಕೊಂಡು ಓದಬಹುದು. ರಾಜ್ಯದ ಪಠ್ಯಪುಸ್ತಕಗಳ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ಆದರೆ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಗಳಲ್ಲಿ ಮಾಡಿದ ಪಿಡಿಎಫ್ ಆದರೆ ಟಾಕ್‌ಬ್ಯಾಕ್ (ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಆಂಡ್ರಾಯ್ಡ್ ಸೌಲಭ್ಯ) ಕನ್ನಡ ಓದುವುದಿಲ್ಲ, ಏನೇನೋ ಒದರುತ್ತದೆ. ಎಲ್ಲ ಸಾಧನಗಳಿಗೂ ಅರ್ಥವಾಗುವ ಯೂನಿಕೋಡ್ ಅಕ್ಷರ ಇದ್ದರೆ ಮಾತ್ರ ಕೇಳಿಸಿಕೊಳ್ಳಬಹುದು.

ಕನ್ನಡದ ಟೀಚರಿಗೆ ಒಂದು ಮಾತು ತಪ್ಪದೆ ಹೇಳಿ. ದ, ಧ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸೀಳು. ಥ ಆಗಲು ಹೊಟ್ಟೆಯೊಳಗೊಂದು ಚುಕ್ಕೆ. ರ, ಠ ನಡುವೆಯೂ ಬರೀ ಒಂದು ಚುಕ್ಕೆ. ಒತ್ತಕ್ಷರವಂತೂ ಇನ್ನೂ ಸಣ್ಣದು. ಅವಳು ತಪ್ಪು ಬರೆದಾಗ ಅಂಕ ಕಳೆಯುವ ಮೊದಲು, ಆ ಒತ್ತು ಅವಳಿಗೆ ಕಂಡಿತ್ತೇ ಎಂದು ಕೇಳಲಿ. ಬೋರ್ಡಿನ ಮೇಲೆ ಬರೆಯುತ್ತಾ ಬರೆಯುತ್ತಾ ಬಾಯಿಬಿಟ್ಟು ಓದಿದರೆ ಅರ್ಧ ಕಷ್ಟ ತೀರುತ್ತದೆ.

ಯುಡಿಐಡಿ ಕಾರ್ಡ್ (ಅಂಗವಿಕಲರ ಸರ್ಕಾರಿ ಗುರುತಿನ ಚೀಟಿ) ಮಾಡಿಸಿದ್ದೀರಾ? ಅಂಗವೈಕಲ್ಯ ಶೇ. 40ಕ್ಕೆ ಕಡಿಮೆಯಿಲ್ಲದ ಮಕ್ಕಳಿಗೆ 18 ವರ್ಷದವರೆಗೆ ಪುಸ್ತಕ, ತಕ್ಕ ಸಾಧನಗಳನ್ನು ಉಚಿತವಾಗಿ ಕೊಡಬೇಕೆಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿದೆ. ನಿಮ್ಮ ಬ್ಲಾಕಿನ ಬಿಐಇಆರ್‌ಟಿ (ವಿಶೇಷ ಅಗತ್ಯದ ಮಕ್ಕಳಿಗೆ ನೆರವಾಗುವ) ಶಿಕ್ಷಕರನ್ನು ಭೇಟಿಯಾಗಿ, ಮುಖ್ಯ ಶಿಕ್ಷಕರ ಮೂಲಕ ಲಿಖಿತ ಅರ್ಜಿ ಕೊಡಿ. ತರಗತಿಯಲ್ಲಿ ಟ್ಯಾಬ್ ಬಳಸಲು ಅನುಮತಿಯನ್ನೂ ಅದರಲ್ಲೇ ಕೇಳಿ. ಬಿಸಿಲಿಗೆ ಅಗಲ ಅಂಚಿನ ಟೋಪಿ ಹಾಕಿ ಕಳಿಸಿ. ಪ್ರಾರ್ಥನೆಗೆ ನಿಂತಾಗ ಅದನ್ನು ತೆಗೆಸಬಾರದೆಂದು ಪಿಟಿ ಮೇಷ್ಟ್ರಿಗೂ ಹೇಳಿಡಿ.