ಕೂತಲ್ಲೇ ಮಾಡುವ ಕೆಲಸಕ್ಕೆ ಇಷ್ಟು ಸುಸ್ತು ಯಾಕೆ?

ಇಡೀ ದಿನ ಕುರ್ಚಿ ಬಿಟ್ಟು ಏಳುವುದಿಲ್ಲ, ಭಾರ ಎತ್ತುವುದಿಲ್ಲ, ಆದರೂ ಸಂಜೆಗೆ ಮಾತಾಡುವ ತ್ರಾಣವೂ ಇರುವುದಿಲ್ಲ, ಮನೆಯವರು 'ಕೂತು ದಣಿಯುವುದುಂಟಾ' ಅಂತಾರೆ, ನಾನು ಸೋಮಾರಿಯಾ ಎಂದು ಕೇಳಿದ್ದೀರಿ. ಖಂಡಿತ ಅಲ್ಲ. ನಾನು ಹತ್ತೊಂಬತ್ತು ವರ್ಷಗಳಿಂದ ಪುಸ್ತಕಗಳ ಕರಡು ತಿದ್ದುತ್ತಿದ್ದೇನೆ. ಈ ಮಾತು ನನ್ನ ಕಿವಿಗೂ ಬಿದ್ದಿದೆ, ಬಹಳ ನೋಯಿಸಿದೆ.

ನೋಡುವವರಿಗೆ ನಾನು ಆರಾಮಾಗಿ ಓದುತ್ತಿರುವ ಹಾಗೆ ಕಾಣುತ್ತದೆ. ಆದರೆ ಕರಡು ತಿದ್ದುವುದು ಓದುವುದಕ್ಕೆ ತೀರಾ ಉಲ್ಟಾ. 'ಕೊಟ್ಟಿಗೆಯಲ್ಲಿ ಧನ ಕಟ್ಟಿದ' ಎಂದಿದ್ದರೆ ಮನಸ್ಸು ತಾನಾಗಿಯೇ 'ದನ' ಅಂತ ಓದಿಕೊಂಡು ಮುಂದೆ ಹೋಗಿಬಿಡುತ್ತದೆ. ಆ ಓಟವನ್ನು ಪದಪದಕ್ಕೂ ಹಿಡಿದು ನಿಲ್ಲಿಸಬೇಕು. ಅದರ ಜೊತೆಗೆ, ಹನ್ನೆರಡನೇ ಪುಟದಲ್ಲಿ ತಮ್ಮನಾಗಿದ್ದವನು ತೊಂಬತ್ತನೇ ಪುಟದಲ್ಲಿ ಅಣ್ಣನಾಗಿದ್ದಾನಾ ಎಂಬಂಥ ಹತ್ತಾರು ಅನುಮಾನ ತಲೆಯಲ್ಲೇ ಇಟ್ಟುಕೊಂಡಿರಬೇಕು. ನಿಮ್ಮ ಕೆಲಸ ಬೇರೆ ಇರಬಹುದು, ಆದರೆ ದಣಿಸುವುದು ಇವೆರಡೇ ಅಂತ ನನ್ನ ನಂಬಿಕೆ: ಮನಸ್ಸನ್ನು ತಡೆಯುವುದು, ಮುಗಿಯದ್ದನ್ನು ಹಿಡಿದಿಟ್ಟುಕೊಳ್ಳುವುದು.

ಮಿದುಳು ದೇಹದ ತೂಕದಲ್ಲಿ ಸುಮಾರು ಶೇ. 2ರಷ್ಟಿದ್ದರೂ, ನಾವು ಸುಮ್ಮನಿರುವಾಗಲೇ ದೇಹ ಬಳಸುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ತೆಗೆದುಕೊಳ್ಳುತ್ತದೆ. ಕಷ್ಟದ ಕೆಲಸ ಮಾಡುವಾಗ ಇದು ಹೆಚ್ಚುವುದು ತೀರಾ ಸ್ವಲ್ಪ. ಹಾಗಾಗಿ 'ಶಕ್ತಿ ಖಾಲಿಯಾಯಿತು, ಏನಾದರೂ ಸಿಹಿ ತಿನ್ನು' ಎಂಬ ಸಲಹೆ ನನಗೆ ಒಪ್ಪಿಗೆಯಾಗುವುದಿಲ್ಲ. 2022ರಲ್ಲಿ ಪ್ಯಾರಿಸ್‌ನ ಸಂಶೋಧಕರು ಒಂದು ಗುಂಪಿಗೆ ಆರು ಗಂಟೆಗೂ ಮೇಲೆ ಕಷ್ಟದ ಮಾನಸಿಕ ಕೆಲಸ ಕೊಟ್ಟರು, ಇನ್ನೊಂದಕ್ಕೆ ಸುಲಭದ್ದು. ಕಷ್ಟದ ಕೆಲಸ ಮಾಡಿದವರ ಮಿದುಳಿನ ಮುಂಭಾಗದ ಒಂದು ಕಡೆ ಗ್ಲುಟಮೇಟ್ ಎಂಬ ರಾಸಾಯನಿಕ ಹೆಚ್ಚಾಗಿತ್ತು. ಕೊನೆಕೊನೆಗೆ ಅವರು, ಕಡಿಮೆಯಾದರೂ ಸರಿ, ತಕ್ಷಣ ಸಿಗುವ ಹಣವನ್ನೇ ಹೆಚ್ಚು ಆರಿಸಿಕೊಂಡರು. ಸಂಜೆ ನಮ್ಮ ಕೈ ತಾನಾಗಿ ಫೋನಿನ ಕಡೆ ಹೋಗುವುದು ನೆನಪಾಯಿತು, ಓದಿದಾಗ.

ಇದಕ್ಕಿಂತ ನನಗೆ ಇಷ್ಟವಾದದ್ದು ಹಳೆಯದು. ತ್ಸುರುಕೊ ಅರಾಯ್ ಎಂಬ ಜಪಾನಿ ಸಂಶೋಧಕಿ ನಾಲ್ಕು ಅಂಕಿಯ ಸಂಖ್ಯೆಗಳನ್ನು ಬಾಯಲ್ಲೇ ಗುಣಿಸುತ್ತಾ ದಿನಕ್ಕೆ ಹನ್ನೊಂದು–ಹನ್ನೆರಡು ಗಂಟೆ, ನಾಲ್ಕು ದಿನ ಕೂತರು. ಅವರ ಪ್ರಬಂಧ ಪ್ರಕಟವಾದದ್ದು 1912ರಲ್ಲಿ. ದಿನದ ಕೊನೆಗೂ ಲೆಕ್ಕ ಆಗುತ್ತಿತ್ತು, ಆದರೆ ಒಂದೊಂದಕ್ಕೆ ಸುಮಾರು ಎರಡು ಪಟ್ಟು ಹೊತ್ತು ಹಿಡಿಯುತ್ತಿತ್ತು. ದಣಿದ ತಲೆ ನಿಂತುಹೋಗುವುದಿಲ್ಲ, ಕೆಲಸ ಸಾಗುತ್ತಲೇ ಇರುತ್ತದೆ. ಅದಕ್ಕೇ ಪಕ್ಕದವರಿಗೆ ಕಾಣುವುದಿಲ್ಲ, ಎಷ್ಟೋ ಸಲ ನಮಗೂ ಗೊತ್ತಾಗುವುದಿಲ್ಲ.

ನನಗಂತೂ ಗೊತ್ತಾಗಲಿಲ್ಲ. ಒಂದು ಸಂಜೆ ಏಳರ ಮೇಲೆ, ಇನ್ನು ಎಂಟೇ ಪುಟ ಅಂತ ನೋಡಿ ಮುಗಿಸಿದೆ. ಅರ್ಪಣೆಯ ಪುಟದಲ್ಲಿ ಲೇಖಕಿಯ ತೀರಿಹೋದ ತಾಯಿಯ ಹೆಸರಿಗೆ ಒಂದು ಒತ್ತು ಬಿಟ್ಟುಹೋಗಿತ್ತು, ಹಾಗೇ ಅಚ್ಚಾಯಿತು. ಆಕೆ ಬೈಯಲಿಲ್ಲ, ಪುಸ್ತಕ ತೆರೆದು ಆ ಸಾಲನ್ನು ಬೆರಳಲ್ಲಿ ಸವರಿದರು. ಅವತ್ತಿನಿಂದ ಹೆಸರುಗಳಿರುವ ಪುಟಗಳನ್ನು ಬೆಳಿಗ್ಗೆಯೇ ನೋಡುತ್ತೇನೆ, ಏನೇ ಅವಸರವಿದ್ದರೂ.

ಇನ್ನೊಂದು ಅಭ್ಯಾಸ, ಬಹುಶಃ ನಿಮಗೂ ಆದೀತು. ಯಾರಾದರೂ ಕರೆದರೆ ತಲೆ ಎತ್ತುವ ಮೊದಲೇ, ಆ ಕ್ಷಣ ಇದ್ದ ಅನುಮಾನವನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಬಿಡುತ್ತೇನೆ: 'ಅಣ್ಣನೋ ತಮ್ಮನೋ, ಪು. 12 ನೋಡು'. ಅಷ್ಟು ಬರೆದರೆ ತಲೆ ಅದನ್ನು ಹೊತ್ತು ತಿರುಗುವುದಿಲ್ಲ. ಕೆಲಸ ಮುಗಿಸಿ ಏಳುವಾಗಲೂ ಹೀಗೇ, ನಾಳೆ ಎಲ್ಲಿಂದ ಶುರು ಎಂದು ಒಂದು ಸಾಲು.

ಮನೆಯವರಿಗೆ ಇಷ್ಟು ಹೇಳಿ ನೋಡಿ: ಬಂದ ಕೂಡಲೇ ಪಾತ್ರೆ ತೊಳಿ ಎಂದರೆ ತೊಳೆಯುತ್ತೇನೆ, ಗುಡಿಸು ಎಂದರೆ ಗುಡಿಸುತ್ತೇನೆ, ಅದರಿಂದ ನನಗೆ ಹಾಯೆನಿಸುತ್ತದೆ. ಅದು ಮಾಡೋಣವೋ ಇದು ಮಾಡೋಣವೋ ಅಂತ ಮಾತ್ರ ಅರ್ಧ ಗಂಟೆ ಕೇಳಬೇಡಿ.