2017ರ ಡೆಸ್ಕ್‌ಟಾಪ್ ತುಂಬಾ ನಿಧಾನವಾಗಿದೆ. ಫಾರ್ಮ್ಯಾಟ್ ಮಾಡಿಸಲಾ, ಹೊಸದು ಕೊಳ್ಳಲಾ?

ನಿಮ್ಮ ಪ್ರಶ್ನೆ ಹೀಗಿದೆ: ತೀರ್ಥಹಳ್ಳಿ ಕಡೆಯ ಮನೆ. 2017ರಲ್ಲಿ ಕೊಂಡ ಡೆಸ್ಕ್‌ಟಾಪ್. 7ನೇ ತಲೆಮಾರಿನ ಐ3, 4 ಜಿಬಿ ರ‍್ಯಾಮ್, 1 ಟಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 10. ಆನ್ ಆಗಲು ಹತ್ತು ನಿಮಿಷ ಬೇಕು. ದಿನಾ ಬೆಳಿಗ್ಗೆ ತಾರೀಖು ತಪ್ಪು ತೋರಿಸುತ್ತದೆ. ಮಳೆ ಹಿಡಿದ ಮೇಲೆ ಕೆಲವು ದಿನ ಬೀಪ್ ಬೀಪ್ ಅಂತ ಕೂಗುತ್ತದೆ, ಸ್ಕ್ರೀನ್ ಬರುವುದಿಲ್ಲ. ಅಂಗಡಿಯವರು "ಫಾರ್ಮ್ಯಾಟ್ ಮಾಡೋಣ, ಸರಿಹೋಗದಿದ್ದರೆ ಹೊಸದು ತಗೊಳ್ಳಿ" ಅಂದಿದ್ದಾರೆ. ಏನೂ ಗೊತ್ತಿಲ್ಲದ ನಾನು ಮನೆಯಲ್ಲೇ ಏನು ಮಾಡಬಹುದು ಅಂತ ಕೇಳಿದ್ದೀರಿ.

ದಯವಿಟ್ಟು ಈಗಲೇ ಫಾರ್ಮ್ಯಾಟ್‌ಗೆ, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಲು, ಕೊಡಬೇಡಿ. ನೀವು ಹೇಳಿರುವುದು ಒಂದು ರೋಗವಲ್ಲ, ಮೂರು. ಮೂರಕ್ಕೂ ಬೇರೆ ಬೇರೆ ಕಾರಣ. ಅವುಗಳಲ್ಲಿ ಎರಡಕ್ಕೆ ಫಾರ್ಮ್ಯಾಟ್‌ನಿಂದ ಏನೂ ಉಪಯೋಗವಿಲ್ಲ. ಮೂರನೆಯದಕ್ಕೂ ಹಳೆಯ ಡಿಸ್ಕ್ ಅಳಿಸದೆ ದಾರಿ ಇದೆ.

ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮನೆ ಸಾಗರ ತಾಲ್ಲೂಕಿನಲ್ಲಿ. ಅಪ್ಪ ಹುಟ್ಟಿದ ಊರು ಲಿಂಗನಮಕ್ಕಿ ಹಿನ್ನೀರಿನಲ್ಲಿ ಮುಳುಗಿತು. ಆ ಊರಿನ ಮನೆಗಳು, ದಾರಿ, ಗದ್ದೆಯ ಹೆಸರುಗಳು, ಯಾರ ಮನೆ ಪಕ್ಕ ಯಾರಿದ್ದರು ಎನ್ನುವುದನ್ನೆಲ್ಲ ಅವರು ನುಡಿ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಒಂದೊಂದೇ ಅಕ್ಷರ ಒತ್ತಿ ಟೈಪ್ ಮಾಡಿಟ್ಟಿದ್ದರು. ಸುಮಾರು ಅರವತ್ತು ಪುಟ. ಕಂಪ್ಯೂಟರ್ ನಿಧಾನವಾಯಿತು ಅಂತ ಅಂಗಡಿಗೆ ಕೊಟ್ಟೆವು. "ಡಿ ಡ್ರೈವ್ ಮುಟ್ಟಲ್ಲ, ಸಿ ಮಾತ್ರ ಫಾರ್ಮ್ಯಾಟ್" ಅಂದರು. ಸರಿ ಅಂದೆವು. ಫೈಲ್ ಇದ್ದದ್ದು ಡೆಸ್ಕ್‌ಟಾಪ್ ಮೇಲೆ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ ಎನ್ನುವುದು ನಮಗೆ ಗೊತ್ತಿರಲಿಲ್ಲ. ಅಪ್ಪ ಮತ್ತೆ ಬರೆಯಲು ಕೂತರು, ಆದರೆ ಹದಿನೈದು ಪುಟ ದಾಟಲಿಲ್ಲ. ಆಮೇಲೆಯೇ ನಾನು ಇದನ್ನೆಲ್ಲ ಕಲಿತದ್ದು. ಈಗ ಅಕ್ಕಪಕ್ಕದ ಊರಿನವರ ಮಷೀನು ನೋಡಿಕೊಡುತ್ತೇನೆ. ಯಾವ ಮಷೀನು ಬಂದರೂ ಮೊದಲ ಕೆಲಸ ಫೈಲ್ ಕಾಪಿ.

ಹಾಗಾಗಿ ನೀವೂ ಅಲ್ಲಿಂದಲೇ ಶುರು ಮಾಡಿ. ಒಂದು ಎಕ್ಸ್‌ಟರ್ನಲ್ ಡಿಸ್ಕ್ ಅಥವಾ ದೊಡ್ಡ ಪೆನ್‌ಡ್ರೈವ್ ತನ್ನಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್, ಪಿಕ್ಚರ್ಸ್, ವಿಡಿಯೋಸ್ ಈ ಐದೂ ಮಾಮೂಲಿಯಾಗಿ ಸಿ ಡ್ರೈವ್‌ನಲ್ಲೇ ಇರುತ್ತವೆ. ಐದನ್ನೂ ಕಾಪಿ ಮಾಡಿ. ಬ್ರೌಸರ್‌ನ ಬುಕ್‌ಮಾರ್ಕ್, ಪಾಸ್‌ವರ್ಡ್ ನಿಮ್ಮ ಖಾತೆಗೆ ಸಿಂಕ್ ಆಗಿವೆಯಾ ನೋಡಿ. ಮನೆಯಲ್ಲಿ ಟ್ಯಾಲಿಯಂಥ ಲೆಕ್ಕದ ಸಾಫ್ಟ್‌ವೇರ್ ಇದ್ದರೆ ಅದರ ಡೇಟಾ ಫೋಲ್ಡರ್ ಎಲ್ಲಿದೆ ಅಂತ ಹುಡುಕಿ ಅದನ್ನೂ ತೆಗೆದಿಡಿ. ತೀರಾ ಮುಖ್ಯವಾದ ಫೈಲುಗಳ ಇನ್ನೊಂದು ಪ್ರತಿ ಆನ್‌ಲೈನ್ ಡ್ರೈವ್‌ನಲ್ಲೋ ನೆಂಟರ ಮನೆಯಲ್ಲೋ ಇರಲಿ. ಒಂದೇ ಕೋಣೆಯ ಎರಡು ಪ್ರತಿ ಒಂದೇ ಸಿಡಿಲಿಗೆ ಹೋಗಬಹುದು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಇಲ್ಲಿ ಇನ್ನೊಂದು ಮಾತು. ನುಡಿಯಲ್ಲೋ ಅಂಥದೇ ಬರಹ ಸಾಫ್ಟ್‌ವೇರ್‌ನಲ್ಲೋ ಮಾಡಿದ ಹಳೆಯ ಫೈಲುಗಳು ಯೂನಿಕೋಡ್‌ನಲ್ಲಿ, ಅಂದರೆ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತದಲ್ಲಿ, ಇಲ್ಲದಿರಬಹುದು. ಅಂಥ ಫೈಲಿನಲ್ಲಿ ಕನ್ನಡ ಕಾಣುವುದು ಆ ಫಾಂಟ್ ಇರುವವರೆಗೆ ಮಾತ್ರ. ಹೊಸ ವಿಂಡೋಸ್ ಹಾಕಿದ ಮೇಲೆ ಫೈಲ್ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಾಣುತ್ತವೆ. ಎಷ್ಟೋ ಜನ ಫೈಲ್ ಕೆಟ್ಟಿದೆ ಅಂದುಕೊಂಡು ಅಳಿಸಿಬಿಡುತ್ತಾರೆ. ಅದು ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೇ. ಆದ್ದರಿಂದ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್‌ಗೆ ಹೋಗಿ, ನುಡಿ ಅಂತಲೂ ಬಿಆರ್‌ಎಚ್ ಅಂತಲೂ ಶುರುವಾಗುವ ಫಾಂಟ್‌ಗಳನ್ನು ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಸಮಯ ಸಿಕ್ಕಾಗ ಆ ಫೈಲುಗಳನ್ನು ಯೂನಿಕೋಡ್‌ಗೆ ಬದಲಾಯಿಸಿಟ್ಟರೆ ಈ ಚಿಂತೆಯೇ ಇರುವುದಿಲ್ಲ.

ಕಾಪಿ ಆಯಿತಾ? ಈಗ ನಿಧಾನದ ವಿಷಯ. ಇದೇ ದೊಡ್ಡದು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಟ್ಯಾಬ್‌ಗೆ ಹೋಗಿ ಡಿಸ್ಕ್ ಮೇಲೆ ಕ್ಲಿಕ್ ಮಾಡಿ. ಎರಡು ಅಂಕಿ ನೋಡಬೇಕು. ಒಂದು, ಡಿಸ್ಕ್ ಎಷ್ಟು ಶೇಕಡ ದುಡಿಯುತ್ತಿದೆ. ಇನ್ನೊಂದು, ಸೆಕೆಂಡಿಗೆ ಎಷ್ಟು ಎಂಬಿ ಓದುತ್ತಿದೆ. ನಿಮ್ಮಲ್ಲಿ 100% ಅಂತ ಇದ್ದು, ಓದು ಮಾತ್ರ 1 ಅಥವಾ 2 ಎಂಬಿ ಇರಬಹುದು. ಪೂರ್ತಿ ದುಡಿಯುತ್ತಿದೆ, ಕೆಲಸ ಮಾತ್ರ ಆಗುತ್ತಿಲ್ಲ. ಯಾಕೆ ಗೊತ್ತಾ? ಡೆಸ್ಕ್‌ಟಾಪ್‌ನ ಹಾರ್ಡ್ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 7200 ಸುತ್ತು ತಿರುಗುವ ತಟ್ಟೆ. ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಸ್ವಲ್ಪ ಜಾಸ್ತಿ ಬೇಕು. ಬೇಕಾದ ಫೈಲ್ ತಟ್ಟೆಯ ಯಾವ ಮೂಲೆಯಲ್ಲಿದೆಯೋ ಅಲ್ಲಿಗೆ ಮುಳ್ಳು ಓಡಬೇಕು, ಆ ಜಾಗ ತಿರುಗಿ ಕೆಳಗೆ ಬರುವವರೆಗೆ ಕಾಯಬೇಕು. ಒಂದು ದೊಡ್ಡ ಸಿನಿಮಾ ಫೈಲ್ ಓದಲು ಇದೇನೂ ಕಷ್ಟವಲ್ಲ. ಆದರೆ ವಿಂಡೋಸ್ ಆನ್ ಆಗುವಾಗ ಸಾವಿರಾರು ಸಣ್ಣ ಫೈಲುಗಳನ್ನು ತೆರೆಯುತ್ತದೆ. ಮುಳ್ಳು ಅತ್ತಿಂದಿತ್ತ ಓಡುವುದರಲ್ಲೇ ಹೊತ್ತು ಹೋಗುತ್ತದೆ. ಹಾರ್ಡ್ ಡಿಸ್ಕ್ ಬದಲಿಗೆ ಹಾಕುವ ಎಸ್‌ಎಸ್‌ಡಿ ಫೈಲುಗಳನ್ನು ಚಿಪ್‌ನಲ್ಲಿ ಇಡುತ್ತದೆ, ಅದರಲ್ಲಿ ತಿರುಗುವ ಭಾಗವೇ ಇಲ್ಲ. ಅದರಲ್ಲಿ ಸಣ್ಣ ಫೈಲ್ ಸಿಗುವುದು ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದ ಆಸುಪಾಸಿನಲ್ಲಿ.

ನಿಧಾನವಾಗುವುದು ಒಂದು, ಸಾಯುತ್ತಿರುವುದು ಇನ್ನೊಂದು. ನಿಮ್ಮ ಡಿಸ್ಕ್ ಯಾವ ಸ್ಥಿತಿಯಲ್ಲಿದೆ ಅಂತ ತಿಳಿಯಲು ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಸಾಫ್ಟ್‌ವೇರ್ ಇದೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕ ತಾನೇ ಬರೆದಿಡುತ್ತದೆ. ಈ ಸಾಫ್ಟ್‌ವೇರ್ ಅದನ್ನು ಓದಿ ತೋರಿಸುತ್ತದೆ. ನೀಲಿ ಬಣ್ಣದಲ್ಲಿ ಗುಡ್ ಅಂತ ಬಂದರೆ ಸದ್ಯಕ್ಕೆ ಪರವಾಗಿಲ್ಲ. ಹಳದಿ ಬಣ್ಣದಲ್ಲಿ ಕಾಷನ್ ಅಂತ ಬಂದರೆ 05 ಮತ್ತು ಸಿ5 ಎಂಬ ಎರಡು ಸಾಲು ನೋಡಿ. 05 ಅಂದರೆ ಕೆಟ್ಟು ಬದಲಿ ಜಾಗಕ್ಕೆ ಸರಿಸಿದ ತುಣುಕುಗಳು. ಸಿ5 ಅಂದರೆ ಈಗ ಸರಿಯಾಗಿ ಓದಲು ಆಗದೆ ಬಾಕಿ ಇರುವ ತುಣುಕುಗಳು. ಈ ಅಂಕಿಗಳು ವಾರದಿಂದ ವಾರಕ್ಕೆ ಏರುತ್ತಿದ್ದರೆ ಆ ಡಿಸ್ಕ್ ಮೇಲೆ ಇನ್ನು ನಂಬಿಕೆ ಇಡಬೇಡಿ. ಟಿಕ್ ಟಿಕ್ ಅಂತ ಸದ್ದು ಬರುತ್ತಿದ್ದರಂತೂ ರಿಪೇರಿ ಪ್ರಯೋಗ ಯಾವುದೂ ಬೇಡ. ಬೇಕಾದ ಫೈಲನ್ನು ಮೊದಲು ತೆಗೆದುಕೊಂಡು ಆಫ್ ಮಾಡಿ.

ನನ್ನ ಸಲಹೆ: ಒಂದು 2.5 ಇಂಚಿನ ಸಾಟಾ ಎಸ್‌ಎಸ್‌ಡಿ ಹಾಕಿ (ಸಾಟಾ ಅಂದರೆ ಡಿಸ್ಕನ್ನು ಬೋರ್ಡ್‌ಗೆ ಜೋಡಿಸುವ ಕೇಬಲ್ಲಿನ ಬಗೆ). 256 ಜಿಬಿ ಸಾಕು. ಅದರ ಜೊತೆ ಒಂದು ಸಾಟಾ ಡೇಟಾ ಕೇಬಲ್ ಕೇಳಿ ತನ್ನಿ. ಕೇಬಲ್ ಮರೆತು ಬಂದರೆ ಮತ್ತೆ ಪೇಟೆಗೆ ಓಡಬೇಕು. ಮುಖ್ಯವಾದ ಹಂತ ಇದು: ಇನ್‌ಸ್ಟಾಲ್ ಮಾಡುವ ಮೊದಲು ಹಳೆಯ ಹಾರ್ಡ್ ಡಿಸ್ಕ್‌ನ ಎರಡೂ ಕೇಬಲ್ ಬಿಚ್ಚಿಡಿ. ಒಳಗೆ ಹೊಸ ಎಸ್‌ಎಸ್‌ಡಿ ಒಂದೇ ಇರಲಿ. ಆಗ ಕೈತಪ್ಪಿ ಯಾವ ಬಟನ್ ಒತ್ತಿದರೂ ನಿಮ್ಮ ಹಳೆಯ ಫೈಲ್ ಅಳಿಯಲು ಸಾಧ್ಯವೇ ಇಲ್ಲ. ಅಂಗಡಿಯಲ್ಲಿ ಮಾಡಿಸಿದರೂ ಇದೇ ಮಾತು ಹೇಳಿ, ನಿಮ್ಮ ಕಣ್ಣೆದುರೇ ಬಿಚ್ಚಿಸಿ. ಹೊಸದು ಸರಿಯಾಗಿ ಓಡಿದ ಮೇಲೆ ಹಳೆಯ ಡಿಸ್ಕ್ ಸಿಕ್ಕಿಸಿದರೆ ಎಲ್ಲ ಫೈಲೂ ಹಾಗೇ ಸಿಗುತ್ತವೆ. ಆಗ ಸ್ಟಾರ್ಟ್ ಆಗಬೇಕಾದದ್ದು ಎಸ್‌ಎಸ್‌ಡಿಯಿಂದ ಅಂತ ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಸೆಟ್ಟಿಂಗ್ ಪುಟದಲ್ಲಿ, ಆರಿಸಿಡಿ. ವಿಂಡೋಸ್ ಅಸಲಿ ಆಗಿದ್ದು ಡಿಜಿಟಲ್ ಲೈಸೆನ್ಸ್ ಇದ್ದರೆ ಅದು ಒಳಗಿನ ಮುಖ್ಯ ಬೋರ್ಡ್‌ಗೆ, ಅಂದರೆ ಮದರ್‌ಬೋರ್ಡ್‌ಗೆ, ಅಂಟಿಕೊಂಡಿರುತ್ತದೆ. ಡಿಸ್ಕ್ ಬದಲಾದರೂ ತಾನೇ ಆ್ಯಕ್ಟಿವೇಟ್ ಆಗುತ್ತದೆ.

ಜೊತೆಗೆ ಇನ್ನೊಂದು 4 ಜಿಬಿ ರ‍್ಯಾಮ್ ಸೇರಿಸಿದರೆ ಒಳ್ಳೆಯದು. ಆ ತಲೆಮಾರಿನ ಬೋರ್ಡ್‌ಗಳಲ್ಲಿ ಜಾಸ್ತಿ ಇರುವುದು ಡಿಡಿಆರ್4 ಬಗೆಯ ರ‍್ಯಾಮ್, ಕೆಲವದರಲ್ಲಿ ಡಿಡಿಆರ್3. ಒಂದು ಇನ್ನೊಂದರ ಸ್ಲಾಟ್‌ನಲ್ಲಿ ಕೂರುವುದಿಲ್ಲ. ಈಗಿರುವುದರ ಲೇಬಲ್ ಫೋಟೋ ತೆಗೆದುಕೊಂಡು ಅಂಗಡಿಗೆ ಹೋಗಿ.

ಯಾವ ವಿಂಡೋಸ್ ಹಾಕುವುದು? ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ತಲೆಮಾರು ಅಥವಾ ಅದರ ಮೇಲಿನದು ಬೇಕು, ನಿಮ್ಮದು ಅದರ ಪಟ್ಟಿಯಲ್ಲಿ ಬರುವುದಿಲ್ಲ. ನಿಮ್ಮ ಕೆಲಸ ಬ್ರೌಸರ್, ಪತ್ರ ಬರೆಯುವುದು, ವಿಡಿಯೋ ನೋಡುವುದು ಇಷ್ಟೇ ಆಗಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಮಿಂಟ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿ. ಉಚಿತ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿ, ಇಷ್ಟವಾದರೆ ಮಾತ್ರ ಇನ್‌ಸ್ಟಾಲ್ ಮಾಡಬಹುದು. ಕನ್ನಡದ ಕಗಪ ಕೀಲಿಮಣೆ ವಿನ್ಯಾಸ ಅದರ ಕೀಬೋರ್ಡ್ ಪಟ್ಟಿಯಲ್ಲೇ ಇದೆ. ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದವರಿಗೆ ಬೆರಳು ತಡವರಿಸುವುದಿಲ್ಲ. ವಿಂಡೋಸ್‌ನಲ್ಲಿ ಮಾತ್ರ ಓಡುವ ಸಾಫ್ಟ್‌ವೇರ್ ಬೇಕೇಬೇಕು ಅಂದರೆ ವಿಂಡೋಸ್ 10 ಅನ್ನೇ ಹಾಕಿ, ಆದರೆ ಅಪ್‌ಡೇಟ್ ನಿಂತಿರುವುದರಿಂದ ಆ ಮಷೀನಿನಲ್ಲಿ ಬ್ಯಾಂಕ್ ಕೆಲಸ ಮಾಡಬೇಡಿ.

ತಾರೀಖಿನ ತೊಂದರೆ ಸಣ್ಣದು. ಮದರ್‌ಬೋರ್ಡ್ ಮೇಲೆ ರೂಪಾಯಿ ನಾಣ್ಯದಂಥ ಒಂದು ಸೆಲ್ ಇದೆ, ಸಿಆರ್2032, 3 ವೋಲ್ಟ್. ಕರೆಂಟ್ ತೆಗೆದಾಗ ಗಡಿಯಾರ ನಡೆಸುವುದು ಅದು. ಇಷ್ಟು ವರ್ಷಕ್ಕೆ ಮುಗಿದಿರುತ್ತದೆ. ವಾಚ್ ಅಂಗಡಿಯಲ್ಲೂ ಸಿಗುತ್ತದೆ. ಅಕ್ಷರ ಬರೆದ ಮುಖ ಮೇಲೆ ಬರುವಂತೆ ಕೂರಿಸಿ. ತಾರೀಖು ತಪ್ಪಿದ್ದರೆ ಬ್ರೌಸರ್ ಎಷ್ಟೋ ಸೈಟುಗಳನ್ನು ಸುರಕ್ಷಿತವಲ್ಲ ಅಂತ ತಡೆಯುತ್ತದೆ. ಬಹಳ ಜನ ಇದನ್ನು ವೈರಸ್ ಅಂದುಕೊಳ್ಳುತ್ತಾರೆ.

ಇನ್ನು ಬೀಪ್. ಎಷ್ಟು ಸಲ ಕೂಗಿದರೆ ಏನರ್ಥ ಎನ್ನುವುದು ಬೋರ್ಡ್‌ನಿಂದ ಬೋರ್ಡ್‌ಗೆ ಬೇರೆ. ಆದರೆ ಬಿಟ್ಟು ಬಿಟ್ಟು ಕೂಗುತ್ತಾ ಸ್ಕ್ರೀನ್ ಕಪ್ಪಗೇ ಇದ್ದರೆ ಮೊದಲು ನೋಡಬೇಕಾದದ್ದು ರ‍್ಯಾಮ್. ನಮ್ಮ ಮಲೆನಾಡಿನಲ್ಲಿ ಆರಿದ್ರಾ ಮಳೆ ಹಿಡಿದರೆ ಬಟ್ಟೆ ವಾರಗಟ್ಟಲೆ ಒಣಗುವುದಿಲ್ಲ, ಅಲ್ವಾ? ಕ್ಯಾಬಿನೆಟ್ ಒಳಗಿನ ಧೂಳೂ ಹಾಗೇ ತೇವ ಹೀರಿಕೊಂಡು ಕೂತಿರುತ್ತದೆ. ರ‍್ಯಾಮ್‌ನ ಹಲ್ಲುಗಳಿಗೂ ಸ್ಲಾಟ್‌ಗೂ ನಡುವೆ ಸಂಪರ್ಕ ಸರಿಯಾಗಿ ಆಗುವುದಿಲ್ಲ.

ಗೋಡೆಯ ಪ್ಲಗ್ ಕಿತ್ತು, ಪವರ್ ಬಟನ್ ಹತ್ತಿಪ್ಪತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಉಳಿದ ಕರೆಂಟ್ ಇಳಿಯುತ್ತದೆ. ಪಕ್ಕದ ಮುಚ್ಚಳ ತೆಗೆಯಿರಿ. ಏನನ್ನಾದರೂ ಮುಟ್ಟುವ ಮೊದಲು ಫೋನಿನಲ್ಲಿ ಫೋಟೋ ತೆಗೆದಿಡಿ, ಮತ್ತೆ ಜೋಡಿಸಲು ಅದೇ ದಾರಿ ತೋರಿಸುತ್ತದೆ. ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹವನ್ನು ಮುಟ್ಟಿ ಮೈಯಲ್ಲಿನ ಸ್ಟ್ಯಾಟಿಕ್ ಕಳೆಯಿರಿ. ರ‍್ಯಾಮ್‌ನ ಎರಡು ತುದಿಯ ಕ್ಲಿಪ್ ಒತ್ತಿದರೆ ಅದು ಮೇಲೆ ಬರುತ್ತದೆ. ಕೆಲವು ಬೋರ್ಡ್‌ನಲ್ಲಿ ಒಂದೇ ಕಡೆ ಕ್ಲಿಪ್ ಇರುತ್ತದೆ. ಚಿನ್ನದ ಬಣ್ಣದ ಹಲ್ಲುಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿದ ಮೆತ್ತನೆಯ ಬಟ್ಟೆಯಿಂದ ಒರೆಸಿ. ಅದಿಲ್ಲದಿದ್ದರೆ ಪೆನ್ಸಿಲ್ ರಬ್ಬರ್‌ನಿಂದ ಹಗುರವಾಗಿ ಒಂದೆರಡು ಸಲ ಉಜ್ಜಿ. ಜಾಸ್ತಿ ಉಜ್ಜಬೇಡಿ, ಲೇಪ ತೆಳ್ಳಗೆ ಇರುತ್ತದೆ. ಸ್ಲಾಟ್ ಅನ್ನು ಒಣಗಿದ ಹೊಸ ಪೇಂಟ್ ಬ್ರಷ್‌ನಿಂದ ಗುಡಿಸಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ರ‍್ಯಾಮ್ ಮತ್ತೆ ಕೂರಿಸುವಾಗ ಟಕ್ ಅನ್ನುವವರೆಗೆ ಒತ್ತಬೇಕು. ಹೆದರಿ ಅರ್ಧಕ್ಕೇ ಬಿಡುವವರೇ ಜಾಸ್ತಿ.

ಮುಚ್ಚಳ ತೆಗೆದಾಗಲೇ ಪ್ರೊಸೆಸರ್ ಫ್ಯಾನ್ ಕೆಳಗಿನ ಧೂಳೂ ತೆಗೆಯಿರಿ. ಬ್ಲೋವರ್ ಹಿಡಿಯುವುದಾದರೆ ಫ್ಯಾನ್ ರೆಕ್ಕೆಯನ್ನು ಬೆರಳಿನಿಂದ ತಡೆದುಕೊಳ್ಳಿ, ಗಾಳಿಗೆ ಜೋರಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಆದರೆ ಕರೆಂಟ್ ವೈರ್ ಸಿಕ್ಕಿಸುವ ಆ ಪೆಟ್ಟಿಗೆ ಇದೆಯಲ್ಲ, ಎಸ್‌ಎಂಪಿಎಸ್, ಅದರ ಸ್ಕ್ರೂ ಯಾವತ್ತೂ ಬಿಚ್ಚಬೇಡಿ. ಒಳಗಿನ ಕೆಪಾಸಿಟರ್‌ನಲ್ಲಿ ಪ್ಲಗ್ ಕಿತ್ತ ಮೇಲೂ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ನೀವು ಕೇಳದಿದ್ದರೂ ಇನ್ನೊಂದು ಹೇಳಬೇಕು. ಕ್ಯಾಬಿನೆಟ್ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತದಾ? ಹಾಗಿದ್ದರೆ ನಿಮ್ಮ ಮನೆಯ ಅರ್ಥಿಂಗ್ ಸರಿ ಇಲ್ಲ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್‌ನಿಂದ ಸ್ವಲ್ಪ ಕರೆಂಟ್ ಅರ್ಥ್ ವೈರಿಗೆ ಇಳಿಯುವಂತೆಯೇ ಮಾಡಿರುತ್ತಾರೆ. ಇಳಿಯಲು ದಾರಿ ಇಲ್ಲದಿದ್ದರೆ ಅದು ಕ್ಯಾಬಿನೆಟ್ ಮೇಲೆ ನಿಲ್ಲುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. ಮೂರು ಪಿನ್ನಿನ ಪ್ಲಗ್‌ನ ದಪ್ಪ ಪಿನ್ ಮುರಿದು ಎರಡು ಪಿನ್ನಿನ ಬೋರ್ಡ್‌ಗೆ ಹಾಕುವುದನ್ನು ದಯವಿಟ್ಟು ಮಾಡಬೇಡಿ.

ಭರಣಿ, ಕೃತ್ತಿಕೆ ಮಳೆಯ ಗುಡುಗು ಶುರುವಾಗುವ ಮೊದಲೇ ಪ್ಲಗ್ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು. ರೂಟರ್‌ನಿಂದ ಬರುವ ಲ್ಯಾನ್ ಕೇಬಲ್ಲೂ ಕೀಳಿ. ಫೈಬರ್ ಗಾಜಿನ ಎಳೆ, ಅದರಲ್ಲಿ ಸಿಡಿಲು ಬರುವುದಿಲ್ಲ ನಿಜ. ಆದರೆ ರೂಟರ್‌ನ ಅಡಾಪ್ಟರ್ ಗೋಡೆಯ ಕರೆಂಟಿಗೇ ಸೇರಿದೆ. ಅಲ್ಲಿಂದ ಲ್ಯಾನ್ ಕೇಬಲ್ ಹಿಡಿದು ಮದರ್‌ಬೋರ್ಡ್‌ವರೆಗೆ ಬಂದುಬಿಡುತ್ತದೆ. ಯುಪಿಎಸ್ ಇದ್ದರೆ ಅದರ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸೋಲುತ್ತದೆ. ಪೆಟ್ಟಿಗೆ ಪೂರ್ತಿ ಬದಲಿಸಬೇಕಿಲ್ಲ, 12 ವೋಲ್ಟ್ 7 ಎಎಚ್ ಬ್ಯಾಟರಿ ಒಂದೇ ಸಿಗುತ್ತದೆ. ಕರೆಂಟ್ ಹೋದ ತಕ್ಷಣ ಆಫ್ ಆಗುವ ಯುಪಿಎಸ್ ಹಾರ್ಡ್ ಡಿಸ್ಕ್‌ಗೆ ಒಳ್ಳೆಯದಲ್ಲ.

ಕಂಪ್ಯೂಟರ್ ನಿಧಾನ ಅಂತ ಹುಡುಕುವಾಗ "ನಿಮ್ಮ ಪಿಸಿಯಲ್ಲಿ ವೈರಸ್ ಇದೆ, ಈ ನಂಬರಿಗೆ ಕರೆ ಮಾಡಿ" ಅಂತ ಕಿರುಚುವ ಪುಟ ಬಂದರೆ ಅದು ಮೋಸ. ಕರೆ ಮಾಡಬೇಡಿ, ಎನಿಡೆಸ್ಕ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ಸಾಫ್ಟ್‌ವೇರ್) ಹಾಕಿ ಅಂದರೆ ಹಾಕಬೇಡಿ. ಬ್ರೌಸರನ್ನು ಟಾಸ್ಕ್ ಮ್ಯಾನೇಜರ್‌ನಿಂದ ಮುಚ್ಚಿ. ಹಣ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಇವತ್ತು ಕಾಪಿ ಮುಗಿಸಿ, ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಓಡಿಸಿ. 05 ಮತ್ತು ಸಿ5 ಸಾಲಿನ ಕೊನೆಯ ಅಂಕಿಗಳನ್ನು ಕೆಳಗೆ ಬರೆಯಿರಿ. ಎರಡೂ ಸೊನ್ನೆ ಇದ್ದರೆ ಹಳೆಯ ಡಿಸ್ಕ್ ಒಳಗೇ ಉಳಿಸಿಕೊಳ್ಳುವ ವಿಧಾನ ಹೇಳುತ್ತೇನೆ. ಇಲ್ಲದಿದ್ದರೆ ಅದರಲ್ಲಿ ಉಳಿದದ್ದನ್ನು ಯಾವ ಕ್ರಮದಲ್ಲಿ ತೆಗೆಯಬೇಕು ಅಂತ ನೋಡೋಣ.